ನಮ್ಮ .32 ಪಿಸ್ತೂಲು 20ಕ್ಕೆ 5 ಸಲ ಕೈಕೊಟ್ಟಿತು. ತೋಟಾ ಮನೆಯಲ್ಲೇ ತುಂಬಿಕೊಳ್ಳಬಹುದಾ?

ಗಂಗಾವತಿ_ಗಿರಣಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಗಂಗಾವತಿ ಹತ್ತಿರ ನಮ್ಮದೊಂದು ಸಣ್ಣ ರೈಸ್ ಮಿಲ್. ಸುಗ್ಗಿಯಲ್ಲಿ ಭತ್ತದ ದುಡ್ಡು ರಾತ್ರಿಯೆಲ್ಲ ಮನೆಯಲ್ಲೇ ಇರುತ್ತಿದ್ದ ಕಾಲ ಅದು. 1998ರಲ್ಲಿ ಅಪ್ಪಾಜಿ ಲೈಸೆನ್ಸ್ ಮಾಡಿಸಿ ಒಂದು .32 ಪಿಸ್ತೂಲು (.32 ಅನ್ನೋದು ತೋಟಾದ ಅಳತೆ) ತಗೊಂಡರು. ಅವರ ಕೈಯಲ್ಲಿ ಅದು ಒಂದೇ ಒಂದು ಸಲ ಹಾರಿದ್ದೂ ನನಗೆ ನೆನಪಿಲ್ಲ. 25 ವರ್ಷ ದಾಟಿತಲ್ಲ ಅಂತ ಹೋದ ವರ್ಷ ಡಿಸಿ ಆಫೀಸಿಗೆ ಅರ್ಜಿ ಹಾಕಿ, ತರಬೇತಿ ಸರ್ಟಿಫಿಕೇಟ್ ಎಲ್ಲ ಕೊಟ್ಟು, ನನ್ನ ಹೆಸರಿಗೆ ಮಾಡಿಸಿಕೊಂಡೆ.

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಒಂದು ರೇಂಜ್‌ನಲ್ಲಿ ಅನುಮತಿ ತಗೊಂಡು 20 ತೋಟಾ ಹೊಡೆದೆ. ಐದು ಸಲ ಕೈಕೊಟ್ಟಿತು. ಮೂರು ಸಲ ಬರೀ 'ಟಕ್' ಅಂತು, ಗುಂಡು ಹಾರಲಿಲ್ಲ. ಅದರಲ್ಲಿ ಎರಡು, ಮತ್ತೆ ಹ್ಯಾಮರ್ ಎಳೆದು ಹೊಡೆದಾಗ ಹಾರಿದವು. ಇನ್ನೆರಡು ಸಲ ಮುಂದಿನ ತೋಟಾ ಚೇಂಬರ್ (ನಳಿಗೆಯ ಹಿಂದೆ ತೋಟಾ ಕೂರುವ ಗೂಡು) ಒಳಗೆ ಹೋಗದೆ ಮೂತಿ ಕೆಳಗೆ ಮಾಡಿಕೊಂಡು, ತೋಟಾ ತುಂಬುವ ಡಬ್ಬಿ ಅಂದರೆ ಮ್ಯಾಗಜೀನ್‌ನಲ್ಲೇ ಗಟ್ಟಿಯಾಗಿ ಕೂತಿತು. ಎಷ್ಟು ತಳ್ಳಿದರೂ ಜಗ್ಗಲಿಲ್ಲ.

ನಮ್ಮ ಚಿಕ್ಕಪ್ಪನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಅವನು ಹಾರಿದ ತೋಟಾದ ಹಿತ್ತಾಳೆ ಕೊಳವೆಗೆ, ಅಂದರೆ ಖಾಲಿ ಕೇಸ್‌ಗೆ ತಾನೇ ಮದ್ದು ತುಂಬಿ ತೋಟಾ ಮಾಡಿಕೊಳ್ಳುತ್ತಾನಂತೆ. ಫೋನ್‌ನಲ್ಲಿ ಹೇಳಿದರೆ, "ತೋಟಾ ಹಳೇದಾಗಿದೆ ಅಣ್ಣಾ, ಕೈಯಾರೆ ತುಂಬಿಕೊಂಡರೆ ಈ ಗೋಳೇ ಇರಲ್ಲ" ಅಂದ. ನಮ್ಮಲ್ಲಿ ಹಾಗೆ ಮಾಡಿಕೊಳ್ಳಬಹುದಾ? ಖಾಲಿ ಕೇಸ್ 19 ಇವೆ, ರೇಂಜ್‌ನವರು ಎಣಿಸಿ ಕೊಟ್ಟಿದ್ದಾರೆ. ಇಲ್ಲಾ ಪಿಸ್ತೂಲೇ ಕೆಟ್ಟಿದೆಯಾ? ತಿಳಿದವರು ಹೇಳಿ.

---

ಬಳ್ಳಾರಿ_ಬಿಸಿಲು

ಮೊದಲು ಆ ತುಂಬುವ ಮಾತು ಬಿಡಿ. ನಾನು ಕೋರ್ಟ್ ಕಡೆ ಓಡಾಡುವವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಆಯುಧ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ ಬಂದೂಕು ಮಾಡೋದಕ್ಕೆ ಹೇಗೆ ಬೇರೆ ಲೈಸೆನ್ಸ್ ಬೇಕೋ ತೋಟಾ ಮಾಡೋದಕ್ಕೂ ಹಾಗೇ ಬೇಕು. ನಿಮ್ಮ ಕೈಯಲ್ಲಿರೋದು ಇಟ್ಟುಕೊಳ್ಳುವ, ಒಯ್ಯುವ ಲೈಸೆನ್ಸ್. ಮಾಡುವ ಲೈಸೆನ್ಸ್ ಅಲ್ಲ. ಇನ್ನೊಂದು ಬಹಳ ಜನಕ್ಕೆ ಗೊತ್ತೇ ಇಲ್ಲ. ತೋಟಾದ ಬಿಡಿಭಾಗಗಳು, ತೋಟಾ ಮಾಡುವ ಯಂತ್ರ, ಇವನ್ನೂ ಕಾನೂನು 'ಮದ್ದುಗುಂಡು' ಅಂತಲೇ ಲೆಕ್ಕ ಹಾಕುತ್ತೆ. ನಿಮ್ಮ ತಮ್ಮ ಊರಿಗೆ ಬರುವಾಗ "ಸಣ್ಣ ಪ್ರೆಸ್ ತರ್ತೀನಿ, ಒಂದು ಡಬ್ಬಿ ಪ್ರೈಮರ್ ತರ್ತೀನಿ" ಅಂದರೆ ಕೈ ಮುಗಿದು ಬೇಡ ಅನ್ನಿ. ಬ್ಯಾಗ್‌ನಲ್ಲಿ ಮರೆತ ಒಂದೇ ತೋಟಾ ಇಟ್ಟುಕೊಂಡು ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದವರ ಕೇಸೇ ವರ್ಷಗಟ್ಟಲೆ ಎಳೆಯುತ್ತೆ.

ಶಿಕ್ಷೆ ಎಷ್ಟು ಅಂತ ಕೇಳ್ತೀರೇನೋ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಹತ್ತಿಪ್ಪತ್ತು ತೋಟಾ ಉಳಿಸೋಕೆ ಹೋಗಿ ಮಿಲ್ಲೂ ಹೋಗುತ್ತೆ, ಮಾನವೂ ಹೋಗುತ್ತೆ.

ಇನ್ನು ರೇಂಜ್‌ಗೆ ಹೋಗಿ ಹೊಡೆದಿರಲ್ಲ, ಅದು ಒಳ್ಳೆಯ ಕೆಲಸ. ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ "ಟೆಸ್ಟ್ ಮಾಡ್ತೀನಿ" ಅಂತ ಆಕಾಶಕ್ಕೆ ಹಾರಿಸುವವರು ಇದ್ದಾರೆ. ಬೇರೆಯವರ ಜೀವಕ್ಕೆ ಅಪಾಯ ಆಗೋ ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಈಗ 2 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷದವರೆಗೆ ದಂಡ, ಇಲ್ಲ ಎರಡೂ.

ಪಿಸ್ತೂಲಿನ ರೋಗ ಏನು ಅಂತ ನನಗೆ ಗೊತ್ತಾಗಲ್ಲ. ಹವಾಲ್ದಾರ್ ಸಾಹೇಬರು ಬರಲಿ.

---

ಹಳೇ_ಹವಾಲ್ದಾರ

ಬಂದೆ. ರಾಯಚೂರಿನಲ್ಲಿ ಕರೆಂಟ್ ಇರಲಿಲ್ಲ, ಈಗ ನೋಡಿದೆ. ಸೇನೆಯಲ್ಲಿ ಆಯುಧ ರಿಪೇರಿ ಕಡೆಯೇ ನನ್ನ ಜಾಸ್ತಿ ಸರ್ವೀಸು.

ತಮ್ಮಾ, ನಿನಗಿರೋದು ಒಂದು ರೋಗ ಅಲ್ಲ, ಎರಡು. ಎರಡನ್ನೂ ಸೇರಿಸಿ "ತೋಟಾ ಹಳೇದು" ಅಂತ ಒಂದೇ ಮಾತ್ರೆ ಕೊಟ್ಟರೆ ವಾಸಿ ಆಗಲ್ಲ.

ಮೊದಲು ಆ 'ಟಕ್'. ಹಾರದೇ ಉಳಿದ ತೋಟಾದ ಹಿಂಭಾಗ ನೋಡು. ನಡುವೆ ಪ್ರೈಮರ್ ಅಂತ, ಏಟು ಬಿದ್ದರೆ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಸಣ್ಣ ಬಿಲ್ಲೆ ಇರುತ್ತೆ, ಅದರ ಮೇಲೆ ಫೈರಿಂಗ್ ಪಿನ್ ಹೊಡೆದ ಗುಳಿ ಇರುತ್ತೆ. ಸರಿಯಾಗಿ ಹಾರಿದ ಖಾಲಿ ಕೇಸ್ ಒಂದನ್ನು ಪಕ್ಕಕ್ಕೆ ಇಟ್ಟು ಹೋಲಿಸು. ಗುಳಿ ಆಳವಾಗಿದ್ದೂ ಹಾರಿಲ್ಲ ಅಂದರೆ ಪ್ರೈಮರ್ ಸತ್ತಿದೆ, ತಪ್ಪು ತೋಟಾದ್ದು. ಉಗುರಿನಿಂದ ಒತ್ತಿದ ಹಾಗೆ ಮೇಲೆ ಮೇಲೆ ಇದ್ದರೆ ಪಿನ್‌ಗೆ ಜೋರು ಸಿಗುತ್ತಿಲ್ಲ, ತಪ್ಪು ಪಿಸ್ತೂಲಿನದು. ಎರಡನೇ ಏಟಿಗೆ ಹಾರಿದವು ಅಂದೆಯಲ್ಲ, ಅದನ್ನು ಕೇಳಿದಾಗಲೇ ನನಗೆ ಪಿಸ್ತೂಲಿನ ಮೇಲೆ ಅನುಮಾನ ಬಂತು. ಪ್ರೈಮರ್ ತನ್ನ ಗುಂಡಿಯಲ್ಲಿ ಪೂರ್ತಿ ಕೂತಿಲ್ಲದಿದ್ದರೂ ಹೀಗಾಗುತ್ತೆ, ಮೊದಲ ಏಟಿಗೆ ಅದು ಕೆಳಗೆ ಕೂರುತ್ತೆ, ಎರಡನೇ ಏಟಿಗೆ ಸಿಡಿಯುತ್ತೆ. ಆದರೆ ಕಾರ್ಖಾನೆ ತೋಟಾದಲ್ಲಿ ಅದು ಕಡಿಮೆ.

ಇನ್ನೊಂದು, 'ಟಕ್' ಅಂದ ತಕ್ಷಣ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದೆಯೋ, ಕಾದೆಯೋ? ಕೆಲವು ತೋಟಾ ತಡವಾಗಿ ಸಿಡಿಯುತ್ತವೆ. ಪಿಸ್ತೂಲಿನ ಮೂತಿ ಗುರಿಯ ಕಡೆಯೇ ಇಟ್ಟುಕೊಂಡು 30 ಸೆಕೆಂಡ್ ಎಣಿಸಬೇಕು. ಆಮೇಲೆ ಮ್ಯಾಗಜೀನ್ ತೆಗೆ, ಆಮೇಲೆ ಸ್ಲೈಡ್ ಎಳೆ. ಮೂತಿಯನ್ನು ತಿರುಗಿಸಿ ಕಣ್ಣಿಟ್ಟು ನೋಡುವವರನ್ನು ನಾನು ಕಂಡಿದ್ದೇನೆ, ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಎರಡನೇದು ಆ ಮೂತಿ ಕೆಳಗೆ ಮಾಡಿ ಕೂತದ್ದು. ಇದು .32ರ ಹುಟ್ಟುಗುಣ. ಈ ತೋಟಾ ಬ್ರೌನಿಂಗ್ ಸಾಹೇಬ 1899ರಲ್ಲಿ ಮಾಡಿದ್ದು. ಇದರ ಹಿಂದಿನ ಅಂಚು, ರಿಮ್ ಅಂತೀವಲ್ಲ, ಅದು ಮೈಗಿಂತ ಸುತ್ತಲೂ ಕಾಲು ಮಿಲಿಮೀಟರ್‌ನಷ್ಟು ಹೊರಗಿದೆ. ಕಾಲು ಮಿಲಿಮೀಟರ್ ಏನು ಮಹಾ ಅನ್ನಬೇಡ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿತ್ತೋ, ಎರಡೂ ಕೊಕ್ಕೆ ಹಾಕಿಕೊಂಡ ಹಾಗೆ ಸಿಕ್ಕಿಕೊಳ್ಳುತ್ತವೆ. ಸ್ಲೈಡ್ ಮೇಲಿನದನ್ನು ಮುಂದಕ್ಕೆ ತಳ್ಳುತ್ತೆ, ಕೆಳಗಿನದು ಬಿಡಲ್ಲ. ಆಗ ಜೋರು ಮಾಡಿ ಸ್ಲೈಡ್‌ಗೆ ಗುದ್ದಬೇಡ. ಮ್ಯಾಗಜೀನ್ ಹೊರಗೆ ತೆಗೆದು, ಮೇಲಿನದನ್ನು ಬಿಟ್ಟು ಅದರ ಕೆಳಗಿನದನ್ನು ಒತ್ತಿದರೆ ಬಿಡಿಸಿಕೊಳ್ಳುತ್ತೆ. ಮೂತಿ ಗಿಡ್ಡ ಇರುವ ತೋಟಾ ಹಾಕಿದರೆ ಈ ಕಾಟ ಇನ್ನೂ ಜಾಸ್ತಿ, ಯಾಕೆಂದರೆ ಮ್ಯಾಗಜೀನ್ ಒಳಗೆ ಅದಕ್ಕೆ ಹಿಂದೆ ಮುಂದೆ ಜರುಗಲು ಜಾಗ ಸಿಗುತ್ತೆ.

ಈಗ ನನ್ನ ಪ್ರಶ್ನೆ ಮೂರು. ತೋಟಾ ಎಲ್ಲಿ ಇಟ್ಟಿದ್ದೆ? ಪಿಸ್ತೂಲಿಗೆ ಯಾವ ಎಣ್ಣೆ? ದಿನಾ ಲೋಡ್ ಮಾಡಿ ತೆಗೆಯುವ ಅಭ್ಯಾಸ ಇದೆಯಾ?

---

ಗಂಗಾವತಿ_ಗಿರಣಿ

ಹವಾಲ್ದಾರ್ ಸರ್, ಹಾರದ ಎರಡೂ ತೋಟಾ... ಅಲ್ಲ, ಒಂದೇ, ಉಳಿದದ್ದು ಒಂದೇ. ಫೋಟೋ ತೆಗೆದಿದ್ದೆ, ದೊಡ್ಡದು ಮಾಡಿ ನೋಡಿದೆ. ಗುಳಿ ಇದೆಯೋ ಇಲ್ಲವೋ ಅನ್ನೋ ಹಾಗಿದೆ. ಹಾರಿದ ಕೇಸ್‌ನಲ್ಲಿ ಚೆನ್ನಾಗಿ ಒಳಗೆ ಹೋಗಿದೆ. ಆದರೆ ಹಾರಿದವುಗಳಲ್ಲೂ ಎಲ್ಲ ಒಂದೇ ಆಳ ಇಲ್ಲ.

30 ಸೆಕೆಂಡ್ ನಾನು ಕಾದಿಲ್ಲ. ರೇಂಜ್‌ನವರು ಕೂಗಿದ ಮೇಲೆ ಕಾದೆ.

ತೋಟಾ ಇದ್ದದ್ದು ಪಿಸ್ತೂಲಿನ ಚರ್ಮದ ಪೌಚ್‌ನಲ್ಲೇ, ಮಹಡಿ ಮೇಲಿನ ಕಬ್ಬಿಣದ ಬೀರುವಿನಲ್ಲಿ. ಮೇಲೆ ತಗಡು. ಏಪ್ರಿಲ್‌ನಲ್ಲಿ ಅಲ್ಲಿ ಐದು ನಿಮಿಷ ನಿಲ್ಲೋಕೆ ಆಗಲ್ಲ. ಒಂದೆರಡು ತೋಟಾ ಮೇಲೆ ಹಸಿರು ಹಸಿರು ಕಿಲುಬು ಕೂತಿತ್ತು, ಒರೆಸಿಬಿಟ್ಟೆ.

ಅಪ್ಪಾಜಿ ರಾತ್ರಿ ಒಂದು ತೋಟಾ ಚೇಂಬರ್‌ಗೆ ಏರಿಸಿ ದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದರು, ಬೆಳಿಗ್ಗೆ ತೆಗೆಯುತ್ತಿದ್ದರು. ಬಹಳ ವರ್ಷ.

ಎಣ್ಣೆ... ಕುಸುಬಿ ಎಣ್ಣೆ ಸರ್. ಮನೆಯಲ್ಲಿ ಅಡಿಗೆಗೆ ಅದೇ ಅಲ್ವಾ, ಬಾಗಿಲ ಕೀಲಿಗೂ ಅದೇ, ಪಿಸ್ತೂಲಿಗೂ ಅದೇ. ಪ್ರತಿ ಆಯುಧಪೂಜೆಗೆ ತಪ್ಪದೆ ಹಾಕುತ್ತಿದ್ದರು.

---

ಹಳೇ_ಹವಾಲ್ದಾರ

ಅಯ್ಯೋ ಶಿವನೇ.

ಸಿಕ್ಕಿತು ಬಿಡು. ರೊಟ್ಟಿ ಹಂಚಿನ ಅಂಚಿನಲ್ಲಿ ಎಣ್ಣೆ ಗಟ್ಟಿಯಾಗಿ, ಉಜ್ಜಿದರೂ ಬಿಡದ ಹಾಗೆ ಕೂತಿರುತ್ತಲ್ಲ, ನಿನ್ನ ಪಿಸ್ತೂಲಿನ ಒಳಗೂ ಅದೇ ಕೂತಿರಬೇಕು. ಕುಸುಬಿ ಎಣ್ಣೆ ಅಗಸೆ ಎಣ್ಣೆಯ ಜಾತಿ. ಗಾಳಿ ತಾಗಿದರೆ ಒಣಗಿ ಪೊರೆ ಕಟ್ಟುತ್ತೆ. ಅದಕ್ಕೇ ಬಣ್ಣ, ವಾರ್ನಿಷ್ ಮಾಡೋಕೂ ಬಳಸುತ್ತಾರೆ. ಊಟಕ್ಕೆ ಒಳ್ಳೇದು, ಯಂತ್ರಕ್ಕಲ್ಲ. 25 ಆಯುಧಪೂಜೆ ಅಂದರೆ 25 ಕೋಟು ವಾರ್ನಿಷ್! ಅದರ ಮೇಲೆ ನಿಮ್ಮ ಮಿಲ್ಲಿನ ತೌಡಿನ ಧೂಳು. ಫೈರಿಂಗ್ ಪಿನ್ ಓಡಾಡುವ ಸಣ್ಣ ಕೊಳವೆಯಲ್ಲಿ ಈ ಅಂಟು ಕೂತರೆ ಪಿನ್ ಮೆತ್ತಗೆ ಹೋಗಿ ಮುಟ್ಟುತ್ತೆ, ಹೊಡೆಯಲ್ಲ. ಎರಡನೇ ಏಟಿಗೆ ಯಾಕೆ ಹಾರಿತು ಅಂದರೆ ಮೊದಲ ಏಟಿಗೆ ಅಂಟು ಸ್ವಲ್ಪ ಬಿಟ್ಟಿರುತ್ತೆ.

ಹೊರಗಿನ ಭಾಗ, ನಳಿಗೆ, ಮ್ಯಾಗಜೀನ್ ನೀನೇ ಬಿಚ್ಚಿ ಒರೆಸಬಹುದು. ಮೊದಲು ಮ್ಯಾಗಜೀನ್ ತೆಗೆ, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿಂದ ನೋಡು, ಬೆರಳಿಂದಲೂ ಮುಟ್ಟಿ ನೋಡು. ಫೈರಿಂಗ್ ಪಿನ್ ಮಾತ್ರ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಬಿಚ್ಚಿಸು. ಅದರ ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋದರೆ ಆಮೇಲೆ ನನ್ನನ್ನು ಕೇಳಬೇಡ. ಎಕ್ಸ್‌ಟ್ರಾಕ್ಟರ್ ಕೊಕ್ಕೆಯ (ಖಾಲಿ ಕೇಸ್ ಹೊರಗೆ ಎಳೆಯೋದು) ಕೆಳಗೂ ಕ್ಲೀನ್ ಮಾಡಿಸು. ಆಮೇಲೆ ಬಂದೂಕಿನ ಎಣ್ಣೆ, ಇಲ್ಲ ಅಂದರೆ ಹೊಲಿಗೆ ಮಷಿನ್ ಎಣ್ಣೆ, ಒಂದೆರಡು ಹನಿ ಸಾಕು. ಪಿನ್ನಿನ ಕೊಳವೆಗೆ ಎಣ್ಣೆಯೇ ಬೇಡ, ಒಣಗಿಯೇ ಇರಲಿ.

ಆ ದಿಂಬಿನ ತೋಟಾ ಹೊಡೆಯಲೇಬೇಡ. ಒಂದೇ ತೋಟಾವನ್ನು ದಿನಾ ಚೇಂಬರ್‌ಗೆ ಏರಿಸಿದರೆ ಪ್ರತಿ ಸಲವೂ ತೋಟಾದ ಮೂತಿ ಚೇಂಬರ್ ಬಾಯಿಯ ಇಳಿಜಾರಿಗೆ ಬಡಿದು ಗುಂಡು ಕೇಸ್ ಒಳಗೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತೆ. ಒಳಗಿನ ಜಾಗ ಕಡಿಮೆ ಆದರೆ ಒತ್ತಡ ಏರುತ್ತೆ. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡು, ಗಿಡ್ಡ ಕಂಡರೆ ಅದೇ. ಕಿಲುಬು ಹಿಡಿದವೂ ಬೇಡ. ಹದ ಮಾಡಿದ ಚರ್ಮದಲ್ಲಿ ಹಿತ್ತಾಳೆ ಇಟ್ಟರೆ ಕಿಲುಬು ಬಂದೇ ಬರುತ್ತೆ. ರಟ್ಟಿನ ಡಬ್ಬಿಯಲ್ಲಿ, ಕೆಳಗಿನ ಕೋಣೆಯಲ್ಲಿ, ತಂಪಾಗಿ ಇಡು, ಬೀಗ ಹಾಕಿ.

---

ಟೆಕ್ಸಾಸ್_ಗಂಗಾವತಿ

ಅಣ್ಣಾ, ಆ ಚಿಕ್ಕಪ್ಪನ ಮಗ ನಾನೇ. ಅತ್ತಿಗೆ ಈ ಲಿಂಕ್ ಕಳಿಸಿ "ಏನಪ್ಪಾ ನಿಮ್ಮಣ್ಣನಿಗೆ ಹೇಳಿಕೊಟ್ಟಿದ್ದು" ಅಂತ ಕೇಳಿದರು.

ನಾನು ಹೇಳಿದ್ದು ಇಲ್ಲಿಯ ಮಾತು. ಇಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರಾಟಕ್ಕೆ ತುಂಬಿದರೆ ಬೇಕು. ಅಲ್ಲಿ ಹೀಗಿದೆ ಅಂತ ಗೊತ್ತಿರಲಿಲ್ಲ, ತಪ್ಪಾಯಿತು. ಪ್ರೆಸ್ ತರಲ್ಲ.

ಆದರೆ "ಕೈಯಾರೆ ತುಂಬಿದರೆ ಗೋಳೇ ಇರಲ್ಲ" ಅಂದೆನಲ್ಲ, ಅದು ಸುಳ್ಳು. ನನ್ನ ಗೋಳು ಕೇಳಿ. ನಂದು 9 ಎಂಎಂ. ಮೊದಲ ಸಲ 50 ತುಂಬಿದೆ, 14 ಚೇಂಬರ್‌ಗೆ ಪೂರ್ತಿ ಹೋಗಲೇ ಇಲ್ಲ. ಗುಂಡು ಕೂರಿಸೋಕೆ ಕೇಸ್‌ನ ಬಾಯಿ ಸ್ವಲ್ಪ ಅಗಲ ಮಾಡುತ್ತೇವೆ, ಆಮೇಲೆ ಅದನ್ನು ನೇರ ಮಾಡಬೇಕು. ನಾನು ಅರೆಬರೆ ಮಾಡಿದ್ದೆ. 9 ಎಂಎಂ ತೋಟಾ ಚೇಂಬರ್ ಒಳಗೆ ನಿಲ್ಲೋದೇ ಆ ಬಾಯಿಯ ಅಂಚಿನ ಮೇಲೆ. ಅದು ಸರಿ ಇಲ್ಲದಿದ್ದರೆ ಏನೂ ಸರಿ ಇಲ್ಲ. ನಿಮ್ಮ .32 ರಿಮ್ ಮೇಲೆ ನಿಲ್ಲುತ್ತೆ, ಆ ಲೆಕ್ಕವೇ ಬೇರೆ. ಈಗ ನಳಿಗೆ ಬಿಚ್ಚಿ ಕೈಯಲ್ಲಿ ಹಿಡಿದು ಒಂದೊಂದೇ ತೋಟಾ ಅದರೊಳಗೆ ಬಿಡುತ್ತೇನೆ. 'ಟಣ್' ಅಂತ ಬಿದ್ದು, ತಲೆಕೆಳಗೆ ಮಾಡಿದರೆ ತಾನಾಗಿ ಹೊರಗೆ ಬಂದರೆ ಪಾಸು.

ಇನ್ನೊಂದು ಸಲ ಆಗಿದ್ದು ಹೇಳೋಕೂ ಭಯ. ರೇಂಜ್‌ನಲ್ಲಿ ಹೊಡೆಯುತ್ತಿದ್ದೆ, ಒಂದು ಗುಂಡು 'ಢಂ' ಅನ್ನದೆ 'ಟುಸ್' ಅಂತು. ಕೈಗೆ ಏಟೇ ಬರಲಿಲ್ಲ. ಖಾಲಿ ಕೇಸ್ ಸಿಕ್ಕಿಕೊಂಡಿದೆ ಅಂತ ಸ್ಲೈಡ್ ಎಳೆದು ಮುಂದಿನದು ಹೊಡೆಯೋಕೆ ಹೋಗಿದ್ದೆ, ಪಕ್ಕದವನು ಜೋರಾಗಿ ಕೂಗಿ ನಿಲ್ಲಿಸಿದ. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಆ ಕೇಸ್‌ಗೆ ಮದ್ದು ಹಾಕೋದೇ ಮರೆತಿದ್ದೆ. ಮದ್ದಿಲ್ಲದೆ ಬರೀ ಪ್ರೈಮರ್ ಸಿಡಿದರೂ ಗುಂಡು ಅಷ್ಟು ದೂರ ಹೋಗುತ್ತೆ. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು, ಇಲ್ಲ ಒಡೆಯುತ್ತಿತ್ತು. ಹಿತ್ತಾಳೆ ಸರಳಿನಿಂದ ಬಡಿದು ತೆಗೆಸಿದೆ. ಅವತ್ತಿನಿಂದ ಗುಂಡು ಕೂರಿಸುವ ಮೊದಲು ಪ್ರತಿ ಕೇಸ್ ಒಳಗೂ ಟಾರ್ಚ್ ಬಿಟ್ಟು ನೋಡುತ್ತೇನೆ. ಮದ್ದು ಎರಡು ಸಲ ಬೀಳೋದು ಇದಕ್ಕಿಂತ ಕೆಟ್ಟದ್ದು. ನಾವು ಮದ್ದು ತೂಗೋದು ಗ್ರೇನ್ ಲೆಕ್ಕದಲ್ಲಿ, ಒಂದು ಗ್ರೇನ್ ಅಂದರೆ 65 ಮಿಲಿಗ್ರಾಂ. ಅಕ್ಕಿ ಮೂಟೆ ತೂಗುವ ಮನೆತನದವನು, ಈ ಲೆಕ್ಕ ಕೈಗೆ ಹತ್ತೋಕೆ ನನಗೆ ಒಂದು ವರ್ಷ ಬೇಕಾಯಿತು.

ಉಳಿತಾಯ ಅಂತ ಶುರು ಮಾಡಿದ್ದು. ಉಳಿದಿದ್ದು ಎಷ್ಟು ಅಂತ ಮನೆಯವಳಿಗೆ ಇನ್ನೂ ಹೇಳಿಲ್ಲ.

---

ಕುಷ್ಟಗಿ_ಹೊಲ

ನಮ್ಮದು ಹೊಲ ಕಾಯೋಕೆ ಕೊಟ್ಟ ಒಂಟಿ ನಳಿಗೆಯ 12 ಬೋರ್. ಶೇಂಗಾ ಹೊಲಕ್ಕೆ ಹಂದಿ ಬಂದಾಗ ಸದ್ದು ಮಾಡಿ ಓಡಿಸೋಕೆ ಅಷ್ಟೇ. ಮಾವನವರ ಕಾಲದ ರಟ್ಟಿನ ತೋಟಾ ಕೆಲವು ಉಳಿದಿದ್ದವು. ಮಳೆಗಾಲದಲ್ಲಿ ಊದಿಕೊಂಡು ನಳಿಗೆಗೆ ಅರ್ಧ ಹೋಗಿ ನಿಂತಿತು, ಅತ್ಲಾಗೆ ಹೋಗಲ್ಲ, ಇತ್ಲಾಗೆ ಬರಲ್ಲ. ಮೊಣಕಾಲಿಗೆ ಒತ್ತಿ ಮುಚ್ಚೋಕೆ ಹೋಗಿದ್ದೆ, ಹೆಂಡತಿ ಬೈದಳು ಅಂತ ಬಿಟ್ಟೆ. ಈಗ ಪ್ಲಾಸ್ಟಿಕ್ ಮೈಯದ್ದೇ ತರುತ್ತೇನೆ. ಎಣ್ಣೆ ವಿಷಯ ಓದಿ ಎದೆ ಧಸಕ್ಕಂತು, ನಮ್ಮದಕ್ಕೂ ಕುಸುಬಿಯೇ.

---

ಬಳ್ಳಾರಿ_ಬಿಸಿಲು

ಸಂಡೂರು ಕಡೆಯವರೂ ಯಾರಾದರೂ ಓದುತ್ತಿದ್ದರೆ ಕೇಳಿ. ಅದಿರಿನ ಕೆಂಪು ಧೂಳು ಎಣ್ಣೆಗೆ ಕೂತರೆ ಮರಳು ಕಾಗದ ಉಜ್ಜಿದ ಹಾಗೆ ಸ್ಲೈಡ್ ತೇಯುತ್ತೆ. ನಮ್ಮ ಪರಿಚಯದವರೊಬ್ಬರು "ಜಾಸ್ತಿ ಎಣ್ಣೆ ಇದ್ದರೆ ಒಳ್ಳೇದು" ಅಂತ ಸುರಿದು ಸುರಿದು ಕೆಡಿಸಿಕೊಂಡರು. ಗಿರಣಿಯವರೇ, ಹಳೇ ತೋಟಾ ತುಂಗಭದ್ರಾ ಕಾಲುವೆಗೆ ಎಸೆಯೋಕೆ ಹೋಗಬೇಡಿ. ಲೈಸೆನ್ಸ್ ಪುಸ್ತಕದ ಲೆಕ್ಕಕ್ಕೆ ತಾಳೆ ಆಗಬೇಕು. ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಕೊಟ್ಟು ರಸೀದಿ ಇಟ್ಟುಕೊಳ್ಳಿ.

---

ಗಂಗಾವತಿ_ಗಿರಣಿ

ಮೂರು ವಾರ ಆಯಿತು, ಆಗಿದ್ದು ಹೇಳುತ್ತೇನೆ.

ರಿಪೇರಿಯವರು ಫೈರಿಂಗ್ ಪಿನ್ ಎಳೆದರೆ ಬರಲೇ ಇಲ್ಲ. ಅರ್ಧ ದಿನ ಸೀಮೆಎಣ್ಣೆಯಲ್ಲಿ ನೆನೆಸಿಟ್ಟ ಮೇಲೆ ಬಂತು. ಪಿನ್ ಸುತ್ತ ಹಳದಿ ಅಂಟು, ಬೇವಿನ ಮರದ ಅಂಟಿನ ಹಾಗೆ, ಅದರಲ್ಲಿ ತೌಡಿನ ಪುಡಿ. ಅವರು ನಗುತ್ತಾ "ಇದನ್ನು ಹುರಿದು ತಿನ್ನಬಹುದು" ಅಂದರು. ಸ್ಪ್ರಿಂಗ್ ಒಂದು ಬದಲಾಯಿಸಿದರು.

ದಿಂಬಿನ ತೋಟಾ ಹೊಸದರ ಪಕ್ಕ ನಿಲ್ಲಿಸಿದೆ. ಗಿಡ್ಡ ಇತ್ತು, ಕಣ್ಣಿಗೇ ಕಾಣುವಷ್ಟು. ಅದೂ ಸೇರಿ ಹಳೇವು 11 ಠಾಣೆಗೆ ಕೊಟ್ಟು ರಸೀದಿ ತಂದೆ.

ಮೊನ್ನೆ ಮತ್ತೆ ರೇಂಜ್‌ಗೆ ಹೋಗಿ ಹೊಸ ತೋಟಾ 16 ಹೊಡೆದೆ, ಎರಡು ಮ್ಯಾಗಜೀನ್. 'ಟಕ್' ಒಂದೂ ಇಲ್ಲ. ಒಂದು ಸಲ ಮಾತ್ರ ಮೂತಿ ಕೆಳಗಾಗಿ ಕೂತಿತು. ಮ್ಯಾಗಜೀನ್ ತೆಗೆದು ನೋಡಿದರೆ ಮೇಲಿನ ಅಂಚು ಹಿಂದೆ ಬಿದ್ದಿತ್ತು, ಮಾತಾಡುತ್ತಾ ತುಂಬಿದ್ದೆ. ಕೆಳಗಿನದನ್ನು ಒತ್ತಿದೆ, ಬಿಟ್ಟಿತು.

ಅಪ್ಪಾಜಿ ಮಾತ್ರ ಒಪ್ಪಿಲ್ಲ ಸರ್. "ಕುಸುಬಿ ಎಣ್ಣೆಯಲ್ಲಿ ಏನು ದೋಷ, ನೀನು ಹಿಡಿಯೋದು ಸರಿ ಇಲ್ಲ" ಅಂತಾರೆ. ನಿನ್ನೆ ಅಮ್ಮನ ಹೊಲಿಗೆ ಮಷಿನ್ ಸದ್ದು ಮಾಡುತ್ತೆ ಅಂತ ಅದಕ್ಕೂ ಹಾಕಿದ್ದಾರೆ.

---

ಹಳೇ_ಹವಾಲ್ದಾರ

ಸೀಮೆಎಣ್ಣೆ ಉಳಿದಿದೆಯಾ? ಇವತ್ತೇ ಒರೆಸು. ಒಣಗಿದ ಮೇಲೆ ಅದನ್ನೂ ರಿಪೇರಿಗೇ ಒಯ್ಯಬೇಕಾಗುತ್ತೆ.